ನಾಲ್ಕು ಶುಕ್ರವಾರಗಳ ವಿವೇಕ

ಆಷಾಢ ಮಾಸದ ಶುಕ್ರವಾರಗಳಂದು ಮೈಸೂರಿನ ಚಾಮುಂಡಿ ಬೆಟ್ಟದ ದಾರಿಯಲ್ಲಿ ಖಾಸಗಿ ವಾಹನಗಳಿಗೆ ಪ್ರವೇಶವಿರುವುದಿಲ್ಲ. ಊರಿನವರೂ ಪರಊರಿನವರೂ ಲಲಿತಮಹಲ್ ಅರಮನೆಯ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ಕಾರು, ಬೈಕುಗಳನ್ನು ನಿಲ್ಲಿಸಿ, ಕೆ.ಎಸ್.ಆರ್.ಟಿ.ಸಿ. ಬಸ್ಸು ಹತ್ತಿ ಮೇಲಕ್ಕೆ ಹೋಗುತ್ತಾರೆ. ಕೆಲವರು ಮೆಟ್ಟಿಲುಗಳಿಗೆ ಅರಿಶಿನ ಕುಂಕುಮ ಹಚ್ಚುತ್ತ ನಡೆದೇ ಏರುತ್ತಾರೆ. ಪಾಸು ಹಿಡಿದ ಗಣ್ಯರ ಕಾರುಗಳನ್ನು ಬಿಟ್ಟರೆ ಆ ದಿನ ದಾರಿಯಲ್ಲಿ ಬಸ್ಸುಗಳದೇ ಓಡಾಟ. ವರ್ಷದಲ್ಲಿ ಅತಿ ಹೆಚ್ಚು ಜನ ದೇವಿಯ ದರ್ಶನಕ್ಕೆ ಬರುವ ದಿನಗಳಲ್ಲಿ ಇವೂ ಸೇರಿವೆ. ಅಷ್ಟು ಜನರನ್ನು ಒಂದು ಹಳೆಯ, ಕಿರಿದಾದ, ತಿರುವುಗಳಿಂದ ಕೂಡಿದ ಬೆಟ್ಟದ ರಸ್ತೆ ಯಾವ ರಂಪವೂ ಇಲ್ಲದೆ ಮೇಲಕ್ಕೂ ಕೆಳಕ್ಕೂ ಸಾಗಿಸುತ್ತದೆ.

ಆಷಾಢ ಕಳೆದ ಮೇಲೆ ಬರುವ ಯಾವುದೇ ರಜಾದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಜನ ಕಡಿಮೆ, ವಾಹನ ಹೆಚ್ಚು. ತಾವರೆಕಟ್ಟೆಯಿಂದಲೇ ಸಾಲು ಆರಂಭವಾಗುತ್ತದೆ. ಒಂದೊಂದು ಕಾರಿನಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ತಿರುವಿನಲ್ಲಿ ಎದುರುಬದುರಾದ ಎರಡು ವಾಹನಗಳು ಒಂದಕ್ಕೊಂದು ದಾರಿ ಬಿಡಲು ಹೆಣಗುತ್ತಿದ್ದರೆ ಹಿಂದಿನವರೆಲ್ಲ ಹಾರನ್ನು ಒತ್ತುತ್ತಿರುತ್ತಾರೆ. ಇಂಥ ಭಾನುವಾರಗಳನ್ನು ಕಂಡವರ ಬಾಯಲ್ಲಿ ರಸ್ತೆ ಅಗಲ ಮಾಡಬೇಕು, ರೋಪ್‌ವೇ ಹಾಕಬೇಕು, ಮೇಲೆ ಇನ್ನಷ್ಟು ವಾಹನ ನಿಲುಗಡೆ ಬೇಕು ಎಂಬ ಮಾತು ಬರುವುದು ಸಹಜವೇ. ಆದರೆ ಆಷಾಢದ ಶುಕ್ರವಾರಗಳಲ್ಲಿ ಕಾಣುವ ವ್ಯವಸ್ಥೆ ಉಳಿದ ದಿನಗಳಲ್ಲಿ ಏಕಿಲ್ಲ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಮಲೆನಾಡಿನ ಓದುಗರಿಗೆ ಚಾಮುಂಡಿ ಬೆಟ್ಟ ಬೆಟ್ಟವೆನಿಸಲಾರದು. ಸಮುದ್ರಮಟ್ಟದಿಂದ ಸುಮಾರು 1,060 ಮೀಟರು; ಮೈಸೂರು ನಗರವೇ ಏಳುನೂರೈವತ್ತು ಮೀಟರಿನ ಮೇಲಿರುವುದರಿಂದ ಕಣ್ಣಿಗೆ ಕಾಣುವ ಏರು ಮುನ್ನೂರು ಮೀಟರಿನಷ್ಟು. ಸುತ್ತ ಬಯಲು, ನಡುವೆ ಒಂಟಿಯಾಗಿ ನಿಂತ ಕಲ್ಲುಗುಡ್ಡ. ಭೂವಿಜ್ಞಾನಿಗಳು ಚಾಮುಂಡಿ ಗ್ರಾನೈಟ್ ಎಂದು ಕರೆಯುವ ಈ ಶಿಲೆಯ ವಯಸ್ಸು ಸುಮಾರು ಎಂಬತ್ತು ಕೋಟಿ ವರ್ಷ. ದಕ್ಷಿಣ ಕರ್ನಾಟಕದ ಉಳಿದ ಬಂಡೆಗಳಿಗೆ ಹೋಲಿಸಿದರೆ ಇದು ತಡವಾಗಿ ಮೂಡಿದ ಶಿಶು. ಕಲ್ಲಿನ ಮೇಲೆ ತೆಳುವಾದ ಮಣ್ಣು, ಆ ಮಣ್ಣನ್ನು ಹಿಡಿದಿರುವ ಕುರುಚಲು ಕಾಡು: ದಿಂಡಿಗ, ಕಕ್ಕೆ, ಜಾಲಿ, ಮತ್ತು ಎಲ್ಲೆಡೆಯಂತೆ ಇಲ್ಲಿಯೂ ಲಂಟಾನ. ಹೆಚ್ಚಿನ ಭಾಗ ಮೀಸಲು ಅರಣ್ಯ; ವಿಸ್ತೀರ್ಣ ಸುಮಾರು ಒಂದೂವರೆ ಸಾವಿರ ಎಕರೆ. ಚಿರತೆಯೂ ಇದೆ, ನವಿಲೂ ಇದೆ. 2025ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದಾಗ ನಗರದ ಬಹುಭಾಗಕ್ಕೆ ಹೊಗೆ ಕಾಣಿಸಿತು. ಇಷ್ಟು ಹತ್ತಿರದಲ್ಲಿ ಒಂದು ಕಾಡಿದೆ ಎಂಬುದು ಮೈಸೂರಿನ ಅನೇಕರಿಗೆ ನೆನಪಾಗುವುದು ಅದು ಹೊತ್ತಿಕೊಂಡಾಗಲೇ.

ಈ ಗುಡ್ಡಕ್ಕೆ ಮನುಷ್ಯರು ಏರುತ್ತಿರುವುದು ಸಾವಿರ ವರ್ಷಗಳಿಂದ. ದೇವಿಯ ಹೆಸರಿಗೂ ಮೊದಲು ಇದು ಮಹಾಬಲಗಿರಿ. ಮಹಾಬಲೇಶ್ವರನ ಗುಡಿ ಇಂದಿಗೂ ಚಾಮುಂಡೇಶ್ವರಿ ದೇವಾಲಯದ ಸಮೀಪದಲ್ಲೇ ಇದೆ, ಜನ ಮಾತ್ರ ಅತ್ತ ಕಡಿಮೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಸಾವಿರ ಮೆಟ್ಟಿಲುಗಳಾದವು, ಏಕಶಿಲೆಯ ಮಹಾನಂದಿ ಆಯಿತು. ಮೈಸೂರಿನವರು ಇಂದಿಗೂ ಆ ಮೆಟ್ಟಿಲನ್ನು ಹತ್ತುವುದುಂಟು, ಹರಕೆಗೂ ಹೌದು, ಸಕ್ಕರೆ ಕಾಯಿಲೆಗೂ ಹೌದು. ವಾಹನದ ರಸ್ತೆ ಅರಸೊತ್ತಿಗೆಯ ಕಾಲದ ಕೊಡುಗೆ. ದಿನಕ್ಕೆ ಕೆಲವೇ ಗಾಡಿಗಳು ಹೋಗಿಬರುತ್ತಿದ್ದ ಕಾಲದಲ್ಲಿ, ಬೆಟ್ಟದ ಮೈಯನ್ನು ಆದಷ್ಟು ಕಡಿಮೆ ಕೊರೆದು, ಇಳಿಜಾರಿನ ಜಾಡನ್ನೇ ಹಿಡಿದು ಸಾಗಿಸಿದ ದಾರಿ ಅದು.

ಆ ದಾರಿಯ ಸೊಬಗು ಇರುವುದು ಅದು ನಿಧಾನವಾಗಿ ತೆರೆದು ತೋರಿಸುವ ನೋಟದಲ್ಲಿ. ತಾವರೆಕಟ್ಟೆ ದಾಟಿ ಮೊದಲ ಏರು ಕಳೆದರೆ ಎಡಬಲಗಳಲ್ಲಿ ಪೊದೆ, ಬಂಡೆ. ಮುಂದೆ ಒಂದು ತಿರುವಿನಲ್ಲಿ ಬಿಳಿಯ ಲಲಿತಮಹಲ್ ಕಾಣುತ್ತದೆ. 1921ರಲ್ಲಿ ವೈಸರಾಯ್‌ಗಳ ವಾಸ್ತವ್ಯಕ್ಕೆಂದು ಕಟ್ಟಲು ಆರಂಭಿಸಿದ ಆ ಅರಮನೆ ಮೇಲಿನಿಂದ ಆಟಿಕೆಯಷ್ಟಾಗಿ ತೋರುತ್ತದೆ. ಇನ್ನೂ ಏರಿದರೆ ಕಾರಂಜಿ ಕೆರೆ, ಕುದುರೆ ಪಂದ್ಯದ ಮೈದಾನ, ಫಿಲೋಮಿನಾ ಚರ್ಚಿನ ಜೋಡಿ ಗೋಪುರ, ಮರಗಳ ನಡುವಿನಿಂದ ತಲೆಯೆತ್ತಿದ ಅಂಬಾವಿಲಾಸ ಅರಮನೆ. ಮಳೆ ತೊಳೆದ ಆಕಾಶವಿದ್ದರೆ ಬಹುದೂರದಲ್ಲಿ ಕೃಷ್ಣರಾಜಸಾಗರದ ನೀರಿನ ಗೆರೆ. ನಗರವೊಂದು ತನ್ನನ್ನು ತಾನೇ ನೋಡಿಕೊಳ್ಳಲು ಇಟ್ಟುಕೊಂಡ ಕನ್ನಡಿ ಈ ರಸ್ತೆ. ಹಾಗೆಯೇ ನಗರದೊಳಗಿನ ಅನೇಕ ಬೀದಿಗಳ ತುದಿಯಲ್ಲಿ ನಿಂತು ತಲೆಯೆತ್ತಿದರೆ ಕಾಣುವುದು ಬೆಟ್ಟ.

ಇದು ಆಕಸ್ಮಿಕವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಹಳೆಯ ಕೇರಿಗಳ ಉಸಿರು ಕಟ್ಟಿದ ಮೇಲೆ, 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿಗೆಂದೇ ವಿಶ್ವಸ್ತ ಮಂಡಲಿಯೊಂದು ಹುಟ್ಟಿತು. ದೇಶದಲ್ಲೇ ಇಂಥ ಮೊದಮೊದಲ ಸಂಸ್ಥೆಗಳಲ್ಲಿ ಅದೊಂದು. ಅಗಲವಾದ ಬೀದಿ, ಬೀದಿಯ ಎರಡು ಬದಿಗೆ ಮರ, ವೃತ್ತಗಳು, ಉದ್ಯಾನಗಳು, ತಗ್ಗು ಕಟ್ಟಡಗಳು, ಇವೆಲ್ಲವೂ ಆ ಯೋಜನೆಯ ಫಲ. ಅಭಿವೃದ್ಧಿ ಎಂಬ ಪದವನ್ನು ಮೈಸೂರು ಕಲಿತದ್ದು ಗಾಳಿ ಬೆಳಕುಗಳಿಗೆ ಜಾಗ ಬಿಡುವುದರ ಮೂಲಕ. ಆ ಮಂಡಲಿಯ ಜಾಗಕ್ಕೆ ಬಂದ ಮುಡಾ, ಈಗಿನ ಮೈಸೂರು ಅಭಿವೃದ್ಧಿ ಪ್ರಾಧಿಕಾರ, ತನ್ನ ಅಜ್ಜಿಯ ಮನೆಯ ಈ ಪಾಠವನ್ನು ಎಷ್ಟರಮಟ್ಟಿಗೆ ನೆನಪಿಟ್ಟುಕೊಂಡಿದೆ ಎಂಬುದನ್ನು ಬೆಟ್ಟದ ತಪ್ಪಲಿನ ಬಡಾವಣೆಗಳೇ ಹೇಳುತ್ತವೆ. ಕುರುಬಾರಹಳ್ಳಿಯ ಸರ್ವೆ ನಂಬರ್ 4, ಆಲನಹಳ್ಳಿಯ ಸರ್ವೆ ನಂಬರ್ 41ರ ಭೂಮಿ ಯಾರದೆಂಬ ವಿವಾದ ಸರ್ಕಾರ, ಹಿಂದಿನ ಅರಸು ಮನೆತನ ಮತ್ತು ನಿವೇಶನ ಕೊಂಡು ಮನೆ ಕಟ್ಟಿಕೊಂಡ ಸಾಮಾನ್ಯರ ನಡುವೆ ವರ್ಷಗಟ್ಟಲೆ ನಡೆಯಿತು. ಭೂಮಿ ಯಾರದಾದರೂ ಆಗಲಿ, ಅದು ಗುಡ್ಡದ ಬುಡವೆಂಬ ಸಂಗತಿ ಆ ಕಡತಗಳಲ್ಲಿ ಎಲ್ಲೂ ಮುಖ್ಯವಾದಂತಿಲ್ಲ.

2021ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಬೆಟ್ಟ ತಾನೇ ಮಾತನಾಡಿತು. ಮಳೆ ಎಡೆಬಿಡದೆ ಸುರಿದಿತ್ತು. ವ್ಯೂ ಪಾಯಿಂಟ್‌ನಿಂದ ನಂದಿಗೆ ಹೋಗುವ ರಸ್ತೆ ಮೊದಲು ಒಂದು ಕಡೆ ಬಿರುಕು ಬಿಟ್ಟು ಕುಸಿಯಿತು. ವಾಹನ ಸಂಚಾರ ನಿಲ್ಲಿಸಲಾಯಿತು. ಕೆಲವೇ ದಿನಗಳಲ್ಲಿ ಕುಸಿತ ಹಿಗ್ಗಿತು, ಹತ್ತಿರದಲ್ಲೇ ಮತ್ತೆ ಮಣ್ಣು ಜಾರಿತು. ಕಣಿವೆಯ ಬದಿಯ ತಡೆಗೋಡೆ ಡಾಂಬರಿನ ಪದರ ಸಮೇತ ಕೆಳಕ್ಕೆ ಹೋಯಿತು. ಆ ದಾರಿ ಬಹುಕಾಲ ಮುಚ್ಚಿಯೇ ಇತ್ತು. ಜೀವಹಾನಿಯಾಗಲಿಲ್ಲ ಎಂಬುದು ದೊಡ್ಡ ಸಮಾಧಾನ.

ಘಟ್ಟದ ರಸ್ತೆಗಳನ್ನು ಬಲ್ಲವರಿಗೆ ಇಂಥ ಕುಸಿತದ ಬಗೆ ಹೊಸತಲ್ಲ. ಗುಡ್ಡದ ಮೈಮೇಲೆ ರಸ್ತೆ ಮಾಡುವಾಗ ಒಳಬದಿಯನ್ನು ಕಡಿಯುತ್ತಾರೆ, ಕಡಿದ ಮಣ್ಣುಕಲ್ಲನ್ನು ಹೊರಬದಿಗೆ ತುಂಬುತ್ತಾರೆ, ತುಂಬಿದ್ದು ಜಾರದಂತೆ ಗೋಡೆ ಕಟ್ಟುತ್ತಾರೆ. ಆದ್ದರಿಂದ ಇಂಥ ಯಾವುದೇ ರಸ್ತೆಯ ಅರ್ಧ ಅಗಲ ಗಟ್ಟಿ ನೆಲದ ಮೇಲೂ, ಉಳಿದರ್ಧ ಮನುಷ್ಯ ತುಂಬಿದ ಮಣ್ಣಿನ ಮೇಲೂ ನಿಂತಿರುತ್ತದೆ. ಮೇಲಿನಿಂದ ಹರಿದು ಬರುವ ನೀರನ್ನು ಒಳಬದಿಯ ಚರಂಡಿ ಹಿಡಿದು, ಅಲ್ಲಲ್ಲಿ ಇರುವ ಮೋರಿಗಳ ಮೂಲಕ ರಸ್ತೆಯ ಅಡಿಯಿಂದ ಆಚೆಗೆ ದಾಟಿಸಬೇಕು. ಚರಂಡಿಯಲ್ಲಿ ಹೂಳು, ಬಾಟಲಿ, ಪ್ಲಾಸ್ಟಿಕ್ ಚೀಲ ತುಂಬಿದರೆ ನೀರು ರಸ್ತೆಯ ಮೇಲೆ ಹರಿದು ತುಂಬಿದ ಮಣ್ಣಿಗೆ ಇಳಿಯುತ್ತದೆ. ನೀರು ಕುಡಿದ ಮಣ್ಣಿನ ತೂಕ ಹೆಚ್ಚುತ್ತದೆ, ಕಣಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಗೋಡೆಯಲ್ಲಿ ನೀರು ಸೋರಿಹೋಗಲು ಕಿಂಡಿಗಳಿಲ್ಲದಿದ್ದರೆ ಅಥವಾ ಅವು ಮುಚ್ಚಿದ್ದರೆ ಗೋಡೆ ಉಬ್ಬುತ್ತದೆ. ಅದರ ಮೇಲೆ ದಿನವಿಡೀ ಭಾರದ ವಾಹನಗಳ ಅದುರು. ಒಂದು ದಿನ ಎಲ್ಲವೂ ಒಟ್ಟಿಗೆ ಜಾರುತ್ತದೆ. ಪತ್ರಿಕೆಗಳು ಅದನ್ನು ಪ್ರಕೃತಿ ವಿಕೋಪವೆಂದು ಬರೆಯುತ್ತವೆ.

ರಸ್ತೆಯನ್ನು ಅಗಲ ಮಾಡುವುದೆಂದರೆ ಈ ಎರಡು ಭಾಗಗಳನ್ನೂ ಹಿಗ್ಗಿಸುವುದು. ಒಳಬದಿಯಲ್ಲಿ ಇನ್ನಷ್ಟು ಕಡಿತ, ಹೊರಬದಿಯಲ್ಲಿ ಇನ್ನಷ್ಟು ತುಂಬಿದ ಮಣ್ಣು, ಇನ್ನೂ ಎತ್ತರದ ಗೋಡೆ. ಕಡಿದ ಕಡೆ ಇಳಿಜಾರು ಕಡಿದಾಗುತ್ತದೆ, ಬೇರುಗಳ ಹಿಡಿತ ತಪ್ಪುತ್ತದೆ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ಜೀವಗಳನ್ನು ನುಂಗಿದ್ದನ್ನು ಯಾರೂ ಮರೆತಿರಲಾರರು. ಚಾಮುಂಡಿ ಬೆಟ್ಟ ಶಿರೂರಲ್ಲ. ಅಲ್ಲಿನ ಮಳೆ ಇಲ್ಲಿಲ್ಲ, ಅಲ್ಲಿನ ಮಣ್ಣಿನ ಆಳವೂ ಇಲ್ಲಿಲ್ಲ. ಹೋಲಿಕೆಯನ್ನು ಎಳೆದು ಹಿಗ್ಗಿಸುವುದು ಸಲ್ಲದು. ಆದರೆ ಮೈಸೂರಿನಂತಹ ಹದಮಳೆಯ ಊರಿನಲ್ಲೇ ಕಿರಿದಾದ ರಸ್ತೆಯ ತಡೆಗೋಡೆ ನಿಲ್ಲಲಿಲ್ಲವೆಂದ ಮೇಲೆ ಅಗಲವಾದ ರಸ್ತೆಯ ಇನ್ನೂ ಎತ್ತರದ ಗೋಡೆ ನಿಲ್ಲುವುದೆಂದು ನಂಬಲು ಆಧಾರವೇನು?

ಅಗಲ ಮಾಡಿದರೂ ದಟ್ಟಣೆ ಕಡಿಮೆಯಾಗುವುದಿಲ್ಲ ಎಂಬುದು ಇನ್ನೊಂದು ಮಾತು. ದಾರಿ ಸಲೀಸಾದಷ್ಟೂ ಕಾರು ತರುವವರು ಹೆಚ್ಚುತ್ತಾರೆ. ಇದು ಬೆಂಗಳೂರಿನ ಮೇಲ್ಸೇತುವೆಗಳು ಎಲ್ಲರಿಗೂ ಕಲಿಸಿದ ಪಾಠ. ಬೆಟ್ಟದ ಮೇಲೆ ಕೋಟ್ಯಂತರ ರೂಪಾಯಿ ಖರ್ಚಿನಲ್ಲಿ ಬಹುಮಹಡಿ ವಾಹನ ನಿಲುಗಡೆ ಕಟ್ಟಡ ಎದ್ದಿತು. ತಗ್ಗು ಮನೆಗಳ, ಗುಡಿಗೋಪುರದ ಆ ಪುಟ್ಟ ಊರಿನಲ್ಲಿ ಅದು ಮದುವೆಮನೆಗೆ ಬಂದ ಲಾರಿಯಂತೆ ನಿಂತಿದೆ. ರೂಪದ ಮಾತು ಹಾಗಿರಲಿ. ಮೇಲೆ ಕಾರು ನಿಲ್ಲಿಸಲು ಜಾಗವಿದೆ ಎಂದು ಗೊತ್ತಾದರೆ ಕೆಳಗೆ ಕಾರು ಬಿಟ್ಟು ಬಸ್ಸು ಹಿಡಿಯುವವರು ಯಾರು? ಗುಡ್ಡದ ನೆತ್ತಿಯ ಮೇಲಿನ ನಿಲುಗಡೆ ಪ್ರತಿಯೊಂದು ಕಾರಿಗೂ ಕೊಟ್ಟ ಆಮಂತ್ರಣ ಪತ್ರಿಕೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ರಾಜಧಾನಿಯಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವವರಿಗೆ ಆ ಆಮಂತ್ರಣ ಇನ್ನೂ ಸುಲಭವಾಗಿ ತಲುಪುತ್ತಿದೆ. ಹತ್ತು ಪಥದಲ್ಲಿ ಬಂದ ವಾಹನಗಳನ್ನು ಬೆಟ್ಟದ ಎರಡು ಪಥಕ್ಕೆ ಸುರಿದರೆ ಆಗುವುದೇನೆಂದು ತಿಳಿಯಲು ತಜ್ಞರ ಸಮಿತಿ ಬೇಕಿಲ್ಲ.

ರೋಪ್‌ವೇಯ ಪರವಾಗಿ ಮಾತನಾಡುವವರನ್ನೆಲ್ಲ ಪರಿಸರದ ವೈರಿಗಳೆನ್ನುವುದು ಅನ್ಯಾಯ. ರಸ್ತೆಯ ಮೇಲಿನ ಭಾರ ಇಳಿಯುತ್ತದೆ, ಹೊಗೆ ಇರುವುದಿಲ್ಲ ಎಂಬ ಅವರ ವಾದದಲ್ಲಿ ತಿರುಳಿದೆ. 2022ರ ಮಾರ್ಚ್‌ನ ರಾಜ್ಯ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಘೋಷಿಸಿದಾಗ ಮೈಸೂರಿನಲ್ಲಿ ದೊಡ್ಡ ವಿರೋಧ ಎದ್ದಿತು. ಅದೇ ವರ್ಷ ಜಿಲ್ಲಾ ಉಸ್ತುವಾರಿ ಸಚಿವರ ಸಭೆಯಲ್ಲಿ ಆ ಪ್ರಸ್ತಾಪವನ್ನು ಕೈಬಿಡಲಾಯಿತು. ವಿರೋಧಕ್ಕೆ ಕಾರಣ ಮೀಸಲು ಅರಣ್ಯದೊಳಗೆ ನೆಡಬೇಕಾದ ಕಂಬಗಳು ಮಾತ್ರವಲ್ಲ. ಬೆಟ್ಟದ ತಾಳಿಕೆ ರಸ್ತೆಯ ಅಗಲದಿಂದ ಅಳೆಯುವಂಥದ್ದಲ್ಲ. ಮೇಲೆ ನೀರು ಎಷ್ಟಿದೆ, ಕಸ ಎಲ್ಲಿಗೆ ಹೋಗುತ್ತದೆ, ಶೌಚದ ನೀರು ಯಾವ ಇಳಿಜಾರಿಗೆ ಹರಿಯುತ್ತದೆ, ಗುಡಿಯ ಮುಂದೆ ನಿಲ್ಲಲು ಎಷ್ಟು ಜಾಗವಿದೆ, ಇವೆಲ್ಲ ಸೇರಿ ಅದರ ಮಿತಿ. ರೋಪ್‌ವೇ ಜನರನ್ನು ಮೇಲಕ್ಕೆ ಸುರಿಯುವ ಇನ್ನೊಂದು ಕೊಳವೆ. ಹಾಕಿದ ಬಂಡವಾಳ ಹಿಂದಿರುಗಬೇಕಾದರೆ ಅದು ದಿನವೂ ತುಂಬಿ ಹರಿಯಲೇಬೇಕು. ಬಸ್ಸಿನ ಗುಣವೆಂದರೆ ಅದನ್ನು ಬೇಕೆಂದಾಗ ಹೆಚ್ಚಿಸಬಹುದು, ಬೇಡವೆಂದಾಗ ಡಿಪೋಗೆ ಕಳಿಸಬಹುದು.

ಬೆಟ್ಟದ ಮೇಲೆ ಹಣ ಖರ್ಚಾಗುವುದು ಮಾತ್ರ ನಿಂತಿಲ್ಲ. ಕೇಂದ್ರ ಸರ್ಕಾರದ ಪ್ರಸಾದ್ ಯೋಜನೆಯಡಿ ಸುಮಾರು 45 ಕೋಟಿ ರೂಪಾಯಿಯ ಕಾಮಗಾರಿಗಳು ಮಂಜೂರಾದವು. ಕಾಂಕ್ರೀಟ್ ಕಟ್ಟಡಗಳ ವಿರುದ್ಧ 2025ರಲ್ಲಿ ನಾಗರಿಕರು ದನಿಯೆತ್ತಿದರು. 2024ರಲ್ಲಿ ಚಾಮುಂಡೇಶ್ವರಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರಕ್ಕೆ ಕಾಯ್ದೆಯೇ ಆಯಿತು, ಅದರ ಬಗ್ಗೆ ಅರಸು ಮನೆತನ ಹೈಕೋರ್ಟಿನ ಮೆಟ್ಟಿಲೇರಿತು. ಬೆಟ್ಟದ ಒಡೆತನ ಮತ್ತು ಹುಂಡಿಯ ಹಣ ಯಾರ ಕೈಯಲ್ಲಿರಬೇಕೆಂಬ ಈ ಜಗಳದಲ್ಲಿ ಎರಡೂ ಕಡೆಯ ವಾದಗಳಿಗೆ ತೂಕವಿದೆ. ದಾರಿಯ ಚರಂಡಿಯ ಹೂಳು ತೆಗೆಯುವವರು ಯಾರೆಂಬುದು ಮಾತ್ರ ಯಾವ ವಾದಪತ್ರದಲ್ಲೂ ಬರುವ ವಿಷಯವಲ್ಲ.

ಬೆಟ್ಟದ ಬುಡದಿಂದ ಸ್ವಲ್ಪವೇ ದೂರದಲ್ಲಿ ನಗರದೊಳಗೆ ನಡೆದ ಇನ್ನೊಂದು ಘಟನೆಯನ್ನು ಇಲ್ಲಿ ನೆನೆಯಬೇಕು. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯಲ್ಲಿ, ಎಸ್.ಪಿ. ಕಚೇರಿಯ ವೃತ್ತದಿಂದ ಕಾಳಿಕಾಂಬಾ ದೇವಾಲಯದವರೆಗಿನ ತುಂಡಿನಲ್ಲಿ, ದಶಕಗಳ ವಯಸ್ಸಿನ 40 ಮರಗಳನ್ನು ರಸ್ತೆ ವಿಸ್ತರಣೆಗಾಗಿ ಉರುಳಿಸಲಾಯಿತು. ಬೆಳಗಾಗುವ ಹೊತ್ತಿಗೆ ನೆರಳಿನ ಬೀದಿ ಬಯಲಾಗಿತ್ತು. ಜನ ಮೇಣದ ಬತ್ತಿ ಹಿಡಿದು ಬಂದು, ಬೊಡ್ಡೆಗಳ ಮುಂದೆ ನಿಂತು ಶೋಕ ಸೂಚಿಸಿದರು. ಅನುಮತಿ ಇತ್ತು ಎಂದು ಅಧಿಕಾರಿಗಳು ಹೇಳಿದರು, ಅದು ಸುಳ್ಳೂ ಅಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಗೆ ಆದ ತಿದ್ದುಪಡಿಯಂತೆ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದಾಗ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯಬೇಕು. ನಲವತ್ತು ಮರಗಳಿಗೆ ಆ ಭಾಗ್ಯವಿಲ್ಲ. ಒಂದು ಬೀದಿಯ ಅಷ್ಟೂ ಮರಗಳು ಹೋದರೂ ಕಾನೂನಿನ ಕಣ್ಣಿಗೆ ಅದು ಸಣ್ಣ ಲೆಕ್ಕ.

ಇಲ್ಲಿಯೇ ತೊಡಕಿರುವುದು. ಕಾನೂನು ಮರವನ್ನು ಒಂದೊಂದಾಗಿ ಎಣಿಸುತ್ತದೆ, ಪಾರಂಪರಿಕ ಕಟ್ಟಡವನ್ನು ಒಂದೊಂದಾಗಿ ಪಟ್ಟಿ ಮಾಡುತ್ತದೆ, ಅರಣ್ಯವನ್ನು ಗಡಿಕಲ್ಲಿನಿಂದ ಅಳೆಯುತ್ತದೆ. ಮೈಸೂರಿನಲ್ಲಿ ಪಾರಂಪರಿಕ ಕಟ್ಟಡಗಳ ಉದ್ದನೆಯ ಪಟ್ಟಿಯೇ ಇದೆ. ಲಲಿತಮಹಲ್ ಪರಂಪರೆ, ನಂದಿ ಪರಂಪರೆ, ಬೆಟ್ಟ ಮೀಸಲು ಅರಣ್ಯ. ಇವನ್ನೆಲ್ಲ ಒಂದು ದಾರಕ್ಕೆ ಪೋಣಿಸಿದ ರಸ್ತೆ ಮಾತ್ರ ಯಾವ ಪಟ್ಟಿಯಲ್ಲೂ ಪರಂಪರೆಯಲ್ಲ. ಅದು ಎಷ್ಟು ಕಿಲೋಮೀಟರು, ಎಷ್ಟು ಅಗಲ, ಯಾವ ಇಲಾಖೆಯ ಸ್ವತ್ತು ಎಂಬ ಲೆಕ್ಕದ ವಸ್ತು. ಲಲಿತಮಹಲಿನಿಂದ ತಾವರೆಕಟ್ಟೆ, ವ್ಯೂ ಪಾಯಿಂಟ್, ನಂದಿ, ಮೇಲಿನ ಊರಿನವರೆಗಿನ ದಾರಿಯನ್ನು ಅದರ ಇಕ್ಕೆಲದ ಮರ, ಬಂಡೆ, ಕಲ್ಲಿನ ಕಟ್ಟೆ, ಮೋರಿ, ತಿರುವುಗಳ ನೋಟ ಸಮೇತ ಒಂದೇ ಘಟಕವೆಂದು ನಗರದ ಮಹಾಯೋಜನೆಯಲ್ಲಿ ಗುರುತಿಸಬೇಕಾಗಿದೆ. ಹಾಗೆ ಗುರುತಿಸಿದರೆ ಅಲ್ಲಿ ಒಂದು ಮರ ಕಡಿಯಲೂ ಆಕ್ಷೇಪಣೆ ಕರೆಯಬೇಕೆಂದು ನಿಯಮ ಮಾಡಬಹುದು; ತಪ್ಪಲಿನಲ್ಲಿ ಏಳುವ ಕಟ್ಟಡ ಎಷ್ಟು ಎತ್ತರವಾದರೆ ಬೆಟ್ಟ ಮರೆಯಾಗುತ್ತದೆ ಎಂಬುದನ್ನು ಪರವಾನಗಿಗೆ ಮುನ್ನವೇ ನೋಡಬಹುದು; ಜಾಹೀರಾತು ಫಲಕ, ಕಣ್ಣು ಕುಕ್ಕುವ ದೀಪಗಳನ್ನು ದೂರವಿಡಬಹುದು.

ನಗರ ಬೆಳೆಯಬಾರದೆಂದು ಇದರ ಅರ್ಥವಲ್ಲ. ಬೆಟ್ಟದ ಮೇಲೆ ಒಂದು ಊರಿದೆ, ಗ್ರಾಮ ಪಂಚಾಯಿತಿಯಿದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಹೆರಿಗೆಗೆ ರಾತ್ರಿ ಆಸ್ಪತ್ರೆಗೆ ಓಡಬೇಕಾದ ಹೆಂಗಸರಿದ್ದಾರೆ. ಪರಿಸರದ ಹೆಸರಿನಲ್ಲಿ ಅವರನ್ನು ಪ್ರವಾಸಿಗರ ಸಾಲಿಗೆ ಸೇರಿಸುವುದು ಕ್ರೌರ್ಯ. ದಾರಿ ಗಟ್ಟಿಯಾಗಿರಬೇಕಾದದ್ದು ಮೊದಲು ಅವರಿಗಾಗಿ. ಅಲ್ಲಿನವರ ವಾಹನ, ಆಂಬುಲೆನ್ಸು, ಅಂಗವಿಕಲರು ಮತ್ತು ನಡೆಯಲಾಗದ ವೃದ್ಧರನ್ನು ಕರೆತರುವ ಗಾಡಿ, ಹಾಲು ತರಕಾರಿಯ ವ್ಯಾನು, ಇವುಗಳಿಗೆ ತಡೆಯಿರಕೂಡದು. ಭಾನುವಾರದ ದಟ್ಟಣೆಯಲ್ಲಿ ಹೆಚ್ಚು ಪಾಡು ಪಡುವವರು ಈ ಜನರೇ. ಹೂವು, ತೆಂಗಿನಕಾಯಿ, ಚುರುಮುರಿ ಮಾರಿ ಬದುಕುವವರಿಗೂ ನಷ್ಟವಾಗಬೇಕಿಲ್ಲ. ಬಸ್ಸಿನಿಂದ ಇಳಿದವರು ಅಂಗಡಿಗಳ ಮುಂದೆಯೇ ನಡೆದು ಹೋಗುತ್ತಾರೆ. ನಷ್ಟವಾಗುವುದಿದ್ದರೆ ನಿಲುಗಡೆಯ ಗುತ್ತಿಗೆದಾರರಿಗೆ, ಮತ್ತು ಬಾಡಿಗೆ ಕಾರಿನ ಚಾಲಕರಿಗೆ ಒಂದಿಷ್ಟು. ಚಾಲಕರ ಮಾತನ್ನು ಕೇಳಿಯೇ ವ್ಯವಸ್ಥೆ ಮಾಡಬೇಕು. ತಪ್ಪಲಿನವರೆಗಿನ ಬಾಡಿಗೆ ಅವರಿಗೆ ಉಳಿಯುತ್ತದೆ.

ನೆರೆಯ ಚಾಮರಾಜನಗರ ಜಿಲ್ಲೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಇದು ಬಹಳ ವರ್ಷಗಳಿಂದ ನಡೆದಿದೆ. ಬಂಡೀಪುರದ ಹುಲಿ ಕಾಡಿನ ನಡುವಿನ ಆ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಬುಡದಲ್ಲಿ ಗಾಡಿ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಹೋಗಬೇಕು. ರಜೆಯ ದಿನ ಬಸ್ಸಿಗಾಗಿ ಕಾಯುವವರ ಸಾಲು ಉದ್ದವಾಗುತ್ತದೆ, ಗೊಣಗಾಟವೂ ಇರುತ್ತದೆ, ಆದರೆ ಗೋಪಾಲನ ಭಕ್ತರು ಕಡಿಮೆಯಾದ ಸುದ್ದಿಯಿಲ್ಲ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಭಾಗದಲ್ಲಿ 2025ರ ಸೆಪ್ಟೆಂಬರ್‌ನಿಂದ ಮುಂಗಡ ನೋಂದಣಿ ಮಾಡಿಸಿದ ನಿರ್ದಿಷ್ಟ ಸಂಖ್ಯೆಯ ವಾಹನಗಳಿಗೆ ಮಾತ್ರ ಪ್ರವೇಶವೆಂಬ ನಿಯಮ ಬಂತು. ನೀಲಗಿರಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಇ-ಪಾಸು ಬೇಕಾಯಿತು. ಮುಳ್ಳಯ್ಯನಗಿರಿಯ ಮಾದರಿಗಿಂತ ಗೋಪಾಲಸ್ವಾಮಿ ಬೆಟ್ಟದ್ದೇ ಚಾಮುಂಡಿಗೆ ಹೊಂದುತ್ತದೆ. ಸಂಖ್ಯೆ ಕಟ್ಟುವ ನಿಯಮದಲ್ಲಿ ಮೊಬೈಲು ಬಲ್ಲವನು ಮುಂದೆ, ಹಳ್ಳಿಯಿಂದ ಹರಕೆ ಹೊತ್ತು ಬಂದವಳು ಹಿಂದೆ. ದೇವಿಯ ದರ್ಶನಕ್ಕೆ ಬಂದವರಲ್ಲಿ ಹೀಗೆ ಭೇದ ಮಾಡುವುದು ಸರಿಯಲ್ಲ. ಬಸ್ಸು ಎಲ್ಲರನ್ನೂ ಒಂದೇ ಸೀಟಿನಲ್ಲಿ ಕೂರಿಸುತ್ತದೆ. ಹೆಂಗಸರಿಗಂತೂ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು.

ಬೆಟ್ಟಕ್ಕೆ ಬಸ್ಸಿನ ನಂಟು ಹೊಸದೂ ಅಲ್ಲ. ನಗರ ಬಸ್ ನಿಲ್ದಾಣದಿಂದ ಹೊರಡುವ 201ನೆಯ ನಂಬರಿನ ಬಸ್ಸು ಮೈಸೂರಿನ ಪ್ರತಿಯೊಬ್ಬರಿಗೂ ಗೊತ್ತು. ಅದರ ದೋಷವೆಂದರೆ ಕಾರುಗಳ ಸಾಲಿನಲ್ಲಿ ಅದೂ ಸಿಕ್ಕಿಬೀಳುತ್ತದೆ. ಬಸ್ಸಿನಲ್ಲಿ ಹೋದವನಿಗೂ ಕಾರಿನಲ್ಲಿ ಹೋದವನಷ್ಟೇ ಹೊತ್ತು ಹಿಡಿದರೆ ಬಸ್ಸನ್ನು ಆರಿಸಿಕೊಳ್ಳುವುದಾದರೂ ಏಕೆ? ಕಾರುಗಳು ಕೆಳಗೇ ಉಳಿದರೆ ಅದೇ ಬಸ್ಸು ಅದೇ ರಸ್ತೆಯಲ್ಲಿ ಇನ್ನಷ್ಟು ಸುತ್ತು ಹೊಡೆಯಬಲ್ಲದು. ಆಷಾಢದಲ್ಲಿ ಆಗುವುದು ಇದೇ.

ಲಲಿತಮಹಲ್ ಬಳಿಯ ಆ ಮೈದಾನದ ಬಗ್ಗೆಯೂ ಒಂದು ಎಚ್ಚರ ಅಗತ್ಯ. 2021ರ ಏಪ್ರಿಲ್‌ನಲ್ಲಿ ಇದೇ ಜಾಗದಲ್ಲಿ ಹೆಲಿ ಪ್ರವಾಸೋದ್ಯಮಕ್ಕಾಗಿ ನೂರಾರು ಮರಗಳನ್ನು ಕಡಿಯುವ ಯೋಜನೆ ಹೊರಬಿದ್ದಿತ್ತು. ವಿದ್ಯಾರ್ಥಿಗಳು, ನಿವೃತ್ತರು, ಮುಂಜಾನೆಯ ವಾಯುವಿಹಾರಿಗಳು, ಪಕ್ಷಿವೀಕ್ಷಕರು ಎಲ್ಲರೂ ಸೇರಿ ಪ್ರತಿಭಟಿಸಿದ ಮೇಲೆ ಮರಗಳು ಉಳಿದವು. ವಾಹನ ನಿಲುಗಡೆಯ ಹೆಸರಿನಲ್ಲಿ ಆ ಮರಗಳ ಮೇಲೆ ಮತ್ತೆ ಕೊಡಲಿ ಬೀಳಕೂಡದು. ಮೈದಾನಕ್ಕೆ ಕಾಂಕ್ರೀಟ್ ಹಾಸುವುದೂ ಬೇಡ; ನೆಲ ನೀರು ಕುಡಿಯುವಂತೆಯೇ ಇರಲಿ. ಈಗಿರುವ ಬಯಲೇ ಆಷಾಢದ ಜನಸಾಗರಕ್ಕೆ ಒದಗುತ್ತಿದೆ ಎಂದ ಮೇಲೆ ಸಾಮಾನ್ಯ ಭಾನುವಾರಕ್ಕೆ ಧಾರಾಳವಾಗಿ ಒದಗುತ್ತದೆ. ಕುಡಿಯುವ ನೀರು, ಶೌಚಾಲಯ, ಬಿಸಿಲು ಮಳೆಗೆ ಒಂದು ಮರೆ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ತಿಳಿಸುವ ಒಂದು ಫಲಕ, ಇಷ್ಟಿದ್ದರೆ ಅದು ನಿಲ್ದಾಣ.

ಇದನ್ನು ಒಮ್ಮೆಗೇ ವರ್ಷಪೂರ್ತಿ ಜಾರಿಗೆ ತರಬೇಕೆಂದೂ ಇಲ್ಲ. ದಸರೆಯ ಗದ್ದಲ ಮುಗಿದ ಮೇಲೆ ಮೂರು ತಿಂಗಳ ಭಾನುವಾರಗಳನ್ನು ಆರಿಸಿಕೊಂಡು, ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ, ಆಷಾಢಕ್ಕೆ ಜಿಲ್ಲಾಡಳಿತ ಹೊರಡಿಸುವಂಥದೇ ಆದೇಶವೊಂದನ್ನು ಹೊರಡಿಸಿ ನೋಡಬಹುದು. ಎಷ್ಟು ಜನ ಬಂದರು, ಎಷ್ಟು ಹೊತ್ತು ಕಾದರು, ಎಷ್ಟು ಬಸ್ಸು ಬೇಕಾದವು, ಗಣ್ಯರಿಗೆಂದು ಎಷ್ಟು ಪಾಸುಗಳನ್ನು ಕೊಡಲಾಯಿತು ಎಂಬ ಲೆಕ್ಕವನ್ನು ಪ್ರತಿ ವಾರ ಬೆಟ್ಟದ ಪಂಚಾಯಿತಿಯ ಫಲಕದಲ್ಲಿ ಹಚ್ಚಬೇಕು. ಅದೇ ಹನ್ನೆರಡು ಹದಿಮೂರು ಭಾನುವಾರಗಳಂದು ದಾರಿಯ ಒಂದು ಬದಿ ತೆರವಾಗಿರುವುದರಿಂದ ಲೋಕೋಪಯೋಗಿ ಇಲಾಖೆಯವರು ತಾವರೆಕಟ್ಟೆಯಿಂದ ನಂದಿಯವರೆಗಿನ ಪ್ರತಿಯೊಂದು ಮೋರಿಯನ್ನೂ ತೆರೆದು, ಹೂಳೆತ್ತಿ, ತಡೆಗೋಡೆಗಳ ಕಿಂಡಿಗಳನ್ನು ಮುಂದಿನ ಮುಂಗಾರಿಗೆ ಮುನ್ನ ಪರೀಕ್ಷಿಸಬಹುದು.